‘ಸ್ಮಾರ್ಟ್’ ಮನೆಯ ಬುದ್ಧಿ ಎಲ್ಲಿ ಕೂತಿದೆ?

ಚೆಂಬೂರಿನಲ್ಲಿ ನಮ್ಮ ದೊಡ್ಡಮ್ಮ ನಲವತ್ತು ವರ್ಷ ಬಾಳಿದ ಮೂರು ಮಾಳಿಗೆಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿ, ಈಗ ಅದೇ ಜಾಗದಲ್ಲಿ ಟವರ್ ಎದ್ದಿದೆ. ಪೊಸೆಷನ್‌ಗೆ ಮುಂಚೆ ಬಿಲ್ಡರ್ ಕೊಟ್ಟ ಕಾಗದದಲ್ಲಿ ಟೈಲ್ಸ್, ನಲ್ಲಿ, ಕಿಟಕಿಗಳ ವಿವರ ಮುಗಿದ ಮೇಲೆ ಒಂದು ಸಾಲು ಇತ್ತು: ‘ಮ್ಯಾಟರ್ ರೆಡಿ ಸ್ಮಾರ್ಟ್ ಹೋಮ್, ಜಿಗ್‌ಬೀ ಹಬ್ ಸಹಿತ, ಆ್ಯಪ್ ಮತ್ತು ವಾಯ್ಸ್ ಕಂಟ್ರೋಲ್’. ದೊಡ್ಡಮ್ಮ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. “ಅಲ್ಲ ಮಾರಾಯ, ಇದೆಂತ ಮ್ಯಾಟರ್? ಬಿಲ್ಡರಿಗೂ ಸೊಸೈಟಿಗೂ ಏನಾದರೂ ಮ್ಯಾಟರ್ ಆಗಿದೆಯಾ?”

ಮುಂಬಯಿಯಲ್ಲಿ ‘ಮ್ಯಾಟರ್’ ಎಂದರೆ ತಕರಾರು. ಹಾಗಾಗಿ ಅವರ ಅನುಮಾನದಲ್ಲಿ ತಪ್ಪಿಲ್ಲ. ಇಂಥ ಕಾಗದ ಈಗ ಮುಲುಂಡ್, ಡೊಂಬಿವಲಿ, ಗೋರೆಗಾಂವ್‌ನ ನಮ್ಮವರ ಮನೆಗಳಿಗೂ ಬರುತ್ತಿದೆ. ಜತೆಗೆ ಹಬ್ಬದ ಸೇಲ್‌ನಲ್ಲಿ ಮಕ್ಕಳು ತಂದುಕೊಟ್ಟ ನೆಲ ಗುಡಿಸುವ ರೋಬೋ, ಮಾತು ಕೇಳುವ ಸ್ಪೀಕರ್. ಪೆಟ್ಟಿಗೆಯ ಮೇಲೆ ಮಾತ್ರ ತಲೆಬುಡ ತಿಳಿಯದ ಹೆಸರುಗಳು. ಅವುಗಳ ಹಿಂದೆ ಅಂಥ ಮಹಾ ವಿದ್ಯೆಯೇನೂ ಇಲ್ಲ. ಪ್ರತಿ ಪದ ಎದುರಾದಾಗಲೂ ಒಂದೇ ಪ್ರಶ್ನೆ ಕೇಳಿದರೆ ಅರ್ಧ ಗಂಟು ಬಿಚ್ಚುತ್ತದೆ: ಈ ವಸ್ತುವಿನ ಪರವಾಗಿ ನಿರ್ಧಾರ ಮಾಡುವವರು ಯಾರು, ಅವರು ಕೂತಿರುವುದು ಎಲ್ಲಿ?

## ಟ್ಯಾಂಕಿನ ಬಾಲ್‌ಕಾಕ್‌ನಿಂದ ಶುರು ಮಾಡೋಣ

ಟೆರೇಸಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡು ಒಂದಿರುತ್ತದೆ. ನೀರು ಏರಿದಂತೆ ಚೆಂಡು ಏರುತ್ತದೆ, ಅದರ ಕೋಲು ನಲ್ಲಿಯನ್ನು ಮುಚ್ಚುತ್ತದೆ. ಕರೆಂಟ್ ಬೇಡ, ಆ್ಯಪ್ ಬೇಡ. ಆದರೂ ಅಲ್ಲಿ ಮೂರು ಕೆಲಸ ನಡೆದಿದೆ: ನೀರಿನ ಮಟ್ಟ ತಿಳಿಯುವುದು, ಸಾಕು ಎಂದು ತೀರ್ಮಾನಿಸುವುದು, ನಲ್ಲಿ ಮುಚ್ಚುವುದು.

ಮೊದಲನೆಯದನ್ನು ಮಾಡುವ ಭಾಗ ಸೆನ್ಸರ್, ಕನ್ನಡ ಪುಸ್ತಕಗಳಲ್ಲಿ ಸಂವೇದಕ. ಎರಡನೆಯದು ಕಂಟ್ರೋಲರ್. ಮೂರನೆಯದಕ್ಕೆ ಆಕ್ಚುವೇಟರ್ ಎನ್ನುತ್ತಾರೆ; ಕೈ ಎಂದುಕೊಂಡರೆ ಸಾಕು. ಬಚ್ಚಲಿನ ಗೀಸರ್ ಕೂಡ ಇದನ್ನೇ ಮಾಡುತ್ತದೆ. ನೀರು ಕಾದದ್ದು ಅದರ ಥರ್ಮೋಸ್ಟಾಟ್‌ಗೆ ಗೊತ್ತಾಗುತ್ತದೆ, ಕಾಯಿಲ್ ಬಂದ್ ಆಗುತ್ತದೆ.

ಹಾಗಾದರೆ ಗೀಸರನ್ನು ಯಾರೂ ‘ಸ್ಮಾರ್ಟ್’ ಎನ್ನುವುದಿಲ್ಲವೇಕೆ? ಅದು ತನ್ನ ಪಾಡಿಗೆ ತಾನಿರುತ್ತದೆ, ಯಾರೊಂದಿಗೂ ಮಾತಾಡುವುದಿಲ್ಲ. ಅದಕ್ಕೊಂದು ರೇಡಿಯೋ ಚಿಪ್ ಹಾಕಿ, ಫೋನಿಗೋ ಬೇರೊಂದು ಯಂತ್ರಕ್ಕೋ ಸುದ್ದಿ ಕಳಿಸಿ ಅಲ್ಲಿಂದ ಆಜ್ಞೆ ಪಡೆಯುವಂತೆ ಮಾಡಿದರೆ ‘ಸ್ಮಾರ್ಟ್’ ಎಂಬ ಬಿರುದು ಬರುತ್ತದೆ. ಇಂಥ ಮಾತಾಡುವ ವಸ್ತುಗಳ ಜಾಲವೇ ಐಓಟಿ, ಅಂದರೆ ‘ಇಂಟರ್ನೆಟ್ ಆಫ್ ಥಿಂಗ್ಸ್’. 1999ರಲ್ಲಿ ಈ ಹೆಸರು ಕೊಟ್ಟವರು ಬ್ರಿಟನ್‌ನ ಕೆವಿನ್ ಆಷ್ಟನ್. ಇನ್ನು ರೋಬೋ ಎಂದರೆ ತಿಳಿದುಕೊಂಡು, ತೀರ್ಮಾನಿಸಿ, ತಾನೇ ಓಡಾಡಿ ಕೆಲಸ ಮಾಡುವ ಯಂತ್ರ. ಈ ಪದ ಹುಟ್ಟಿದ್ದು 1920ರ ಒಂದು ಚೆಕ್ ನಾಟಕದಲ್ಲಿ. ಅದರ ಮೂಲವಾದ ‘ರೊಬೋಟಾ’ ಎಂಬ ಮಾತಿಗೆ ಬಿಟ್ಟಿ ಚಾಕರಿ ಎಂದರ್ಥ.

## ಮನೆಯ ಕಣ್ಣು, ಮೂಗು

ಸೆನ್ಸರ್‌ಗಳ ಹೆಸರು ನೋಡಿ ಹೆದರಬೇಕಾಗಿಲ್ಲ. ಆದರೆ ಯಾವುದನ್ನು ಎಲ್ಲಿ ಹಾಕಬೇಕು ಎಂಬಲ್ಲಿ ಎಡವುವವರು ಬಹಳ.

ಆಫೀಸಿನ ಟಾಯ್ಲೆಟ್‌ನಲ್ಲಿ ಕೂತಿದ್ದಾಗ ದೀಪ ತಾನಾಗಿ ಆರಿ, ಕತ್ತಲಲ್ಲಿ ಕೈ ಬೀಸಿದ ಅನುಭವ ಹಲವರಿಗಿದೆ. ಅದು ಪಿಐಆರ್ ಸೆನ್ಸರ್‌ನ ಕೆಲಸ. ನಮ್ಮ ಮೈಯ ಬಿಸಿಯಿಂದ ಹೊಮ್ಮುವ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಅತ್ತಿತ್ತ ಸರಿದಾಗ ಮಾತ್ರ ಅದಕ್ಕೆ ಅರಿವಾಗುತ್ತದೆ. ಜಪಕ್ಕೆ ಕೂತ ದೊಡ್ಡಮ್ಮ ಅದರ ಲೆಕ್ಕದಲ್ಲಿ ಮನೆಯಲ್ಲೇ ಇಲ್ಲ! ಕೋಣೆಯ ಬಿಸಿ ಮೈಯ ಬಿಸಿಗೆ ಹತ್ತಿರವಾದಷ್ಟೂ ಅದರ ದೃಷ್ಟಿ ಮಂಜಾಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ಇದು ಕೈಕೊಟ್ಟರೆ ಕೆಟ್ಟಿದೆ ಎಂದು ಎಸೆಯಬೇಡಿ.

ಇದಕ್ಕಿಂತ ದುಬಾರಿಯದು ‘ಎಂಎಂವೇವ್’ ಅಥವಾ ಪ್ರೆಸೆನ್ಸ್ ಸೆನ್ಸರ್. ಇದು ಪುಟ್ಟ ರೇಡಾರ್. ಅಲೆ ಕಳಿಸಿ, ಅದು ಮರಳಿ ಬಂದ ಬಗೆಯಿಂದ, ಉಸಿರಾಟಕ್ಕೆ ಎದೆ ಏರಿಳಿಯುವಷ್ಟು ಸಣ್ಣ ಚಲನೆಯನ್ನೂ ಗುರುತಿಸುತ್ತದೆ. ಸಮಸ್ಯೆಯೆಂದರೆ ತಿರುಗುವ ಫ್ಯಾನು, ಗಾಳಿಗೆ ಅಲುಗುವ ಪರದೆ ಕೂಡ ಇದಕ್ಕೆ ಮನುಷ್ಯರಂತೆ ಕಂಡುಬಿಡಬಹುದು. ನಮ್ಮ ಮನೆಗಳಲ್ಲಿ ಫ್ಯಾನ್ ನಿಲ್ಲುವುದು ಕರೆಂಟ್ ಹೋದಾಗ ಮಾತ್ರ. ಆದ್ದರಿಂದ ಇದನ್ನು ಎಲ್ಲಿ, ಯಾವ ಕೋನದಲ್ಲಿ ಕೂರಿಸುತ್ತೀರಿ ಎಂಬುದೇ ಮುಖ್ಯ.

ಬಾಗಿಲಿನ ಸೆನ್ಸರ್ ಎಂದರೆ ಚೌಕಟ್ಟಿನಲ್ಲೊಂದು ಸಣ್ಣ ಸ್ವಿಚ್, ಬಾಗಿಲಲ್ಲೊಂದು ಅಯಸ್ಕಾಂತ, ಅಷ್ಟೆ. ನೀರು ಸೋರುವುದನ್ನು ಹೇಳುವ ಸೆನ್ಸರ್ ಇನ್ನೂ ಸರಳ: ಎರಡು ಲೋಹದ ಮೊಳೆಗಳ ನಡುವೆ ನೀರು ಬಂದರೆ ವಿದ್ಯುತ್ ಹರಿದು ಕೂಗುತ್ತದೆ. ವಾಷಿಂಗ್ ಮಷಿನ್ ಹಿಂದೆ ಒಂದಿಟ್ಟರೆ ಕೆಳಗಿನ ಮನೆಯವರ ಸೀಲಿಂಗ್ ಉಳಿಯುತ್ತದೆ.

ನಿಂತು ನೋಡಬೇಕಾದದ್ದು ಗ್ಯಾಸ್ ಸೆನ್ಸರ್. ಹಳೆಯ ಮನೆಯಲ್ಲಿ ಸಿಲಿಂಡರ್ ಇತ್ತು, ಟವರಿನಲ್ಲಿ ಮಹಾನಗರ ಗ್ಯಾಸ್‌ನ ಪೈಪ್ ಬಂದಿದೆ ಎನ್ನುವವರು ಇದನ್ನು ಗಮನಿಸಬೇಕು. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಹಾಸಿಕೊಳ್ಳುತ್ತದೆ. ಪೈಪಿನ ಗ್ಯಾಸ್ ಬಹುಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲಕ್ಕೆ ಏರುತ್ತದೆ. ಹಾಗಾಗಿ ಸಿಲಿಂಡರ್ ಮನೆಯಲ್ಲಿ ಸೆನ್ಸರ್ ನೆಲದ ಹತ್ತಿರ ಇರಬೇಕು, ಪೈಪಿನ ಮನೆಯಲ್ಲಿ ಸೀಲಿಂಗ್ ಹತ್ತಿರ. ಹಳೆಯ ಮನೆಯ ಸೆನ್ಸರನ್ನು ಕಿತ್ತು ತಂದು ಹೊಸ ಅಡುಗೆಮನೆಯಲ್ಲೂ ಅದೇ ಎತ್ತರಕ್ಕೆ ಮೊಳೆ ಹೊಡೆದರೆ, ದುಡ್ಡು ಕೊಟ್ಟು ತಂದ ಕಾವಲುಗಾರ ಬೇರೆ ಬಾಗಿಲಲ್ಲಿ ನಿಂತ ಹಾಗೆ. ಯಾವ ಅನಿಲಕ್ಕೆಂದು ಮಾಡಿದ್ದು ಎಂಬುದನ್ನೂ ಪೆಟ್ಟಿಗೆಯ ಮೇಲೆ ನೋಡಿ.

## ವೈಫೈ ಬೇರೆ, ಇಂಟರ್ನೆಟ್ ಬೇರೆ

“ವೈಫೈ ಬರ್ತಾ ಇಲ್ಲ” ಎಂದು ನಾವು ಕೇಬಲ್‌ನವನಿಗೆ ಫೋನ್ ಮಾಡುತ್ತೇವೆ. ಬಹಳ ಸಲ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ವೈಫೈ ಎಂದರೆ ರೂಟರಿನಿಂದ ನಿಮ್ಮ ಫೋನಿನವರೆಗಿನ ಸೊಸೈಟಿಯೊಳಗಿನ ದಾರಿ. ಇಂಟರ್ನೆಟ್ ಎಂದರೆ ಗೇಟಿನಾಚೆಯ ಹೆದ್ದಾರಿ. ಹೆದ್ದಾರಿ ಬಂದ್ ಆದರೂ ಸೊಸೈಟಿಯೊಳಗೆ ಓಡಾಡಬಹುದು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ರೂಟರಿನಲ್ಲಿ ಎರಡು ಹೆಸರು ಕಾಣುತ್ತವಲ್ಲ, 2.4 ಮತ್ತು 5 ಗಿಗಾಹರ್ಟ್ಸ್? ರೇಡಿಯೋ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ ಅದು. ಸುಮಾರು 240 ಕೋಟಿ ಸಲ ಮತ್ತು 500 ಕೋಟಿ ಸಲ. 5ರಲ್ಲಿ ವೇಗ ಹೆಚ್ಚು, ಆದರೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. 2.4 ನಿಧಾನ, ಆದರೆ ಎರಡು ಕೋಣೆ ಆಚೆಗೂ ತಲುಪುತ್ತದೆ. ಬಲ್ಬು, ಪ್ಲಗ್, ರೋಬೋಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿರುವುದು 2.4 ಒಂದೇ. ಹೊಸ ಬಲ್ಬ್ ಎಷ್ಟು ಸಲ ಪ್ರಯತ್ನಿಸಿದರೂ ಸೇರಿಕೊಳ್ಳದಿದ್ದರೆ, ಫೋನು 5ರಲ್ಲಿ ಕೂತಿದೆಯೇ ಎಂದು ಮೊದಲು ನೋಡಿ.

## ಬಸ್ಸಿನಲ್ಲಿ ಕೈಯಿಂದ ಕೈಗೆ ಹೋಗುವ ಚಿಲ್ಲರೆ

ವೈಫೈಗೆ ಬ್ಯಾಟರಿ ಹಸಿವು ಜಾಸ್ತಿ. ಬಾಗಿಲಿನ ಸೆನ್ಸರಿನಂಥ, ಗುಂಡಿಯಷ್ಟು ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಬದುಕಬೇಕಾದ ವಸ್ತುಗಳಿಗೆ ಅದು ಆಗಿಬರುವುದಿಲ್ಲ. ಅವಕ್ಕಾಗಿಯೇ ಇರುವ ಮಿತಭಾಷಿ ರೇಡಿಯೋ ಪದ್ಧತಿಗಳು ಜಿಗ್‌ಬೀ, ಝಡ್-ವೇವ್ ಮತ್ತು ಥ್ರೆಡ್. ಮೂರಕ್ಕೂ ‘ಮೆಶ್’ ಎಂಬ ಗುಣವಿದೆ.

ತುಂಬಿದ ಬೆಸ್ಟ್ ಬಸ್ಸಿನ ಕೊನೆಯ ಸೀಟಿನವರು ಚಿಲ್ಲರೆಯನ್ನು ಮುಂದಿನವರ ಕೈಗೆ ಕೊಡುತ್ತಾರೆ, ಅವರು ಮುಂದಿನವರಿಗೆ. ಕಂಡಕ್ಟರ್ ತನಕ ಹೋಗಿ ಟಿಕೆಟ್ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಮೆಶ್ ಎಂದರೆ ಇದೇ. ಬಾಲ್ಕನಿಯ ಸೆನ್ಸರ್‌ನ ದನಿ ಹಾಲ್ ತನಕ ಕೇಳದಿದ್ದರೂ ನಡುವಿನ ಬಲ್ಬ್ ಅದನ್ನು ಮುಂದಕ್ಕೆ ದಾಟಿಸುತ್ತದೆ. ಹೀಗೆ ದಾಟಿಸುವುದು ಸದಾ ಕರೆಂಟಿನಲ್ಲಿರುವ ಬಲ್ಬು, ಪ್ಲಗ್‌ಗಳ ಕೆಲಸ. ಬ್ಯಾಟರಿಯವು ತಮ್ಮ ಮಾತು ಹೇಳಿ ನಿದ್ದೆ ಹೋಗುತ್ತವೆ. ಈಗ ಯಾರೋ ಅಭ್ಯಾಸಬಲದಿಂದ ಗೋಡೆಯ ಸ್ವಿಚ್ ಒತ್ತಿ ಆ ಬಲ್ಬಿನ ಕರೆಂಟನ್ನೇ ತೆಗೆದರೆ? ನಡುವಿನ ಪ್ಯಾಸೆಂಜರ್ ಇಳಿದುಹೋದ ಹಾಗೆ. ಬಾಲ್ಕನಿಯ ಸೆನ್ಸರ್ ‘ಕೆಟ್ಟಿತು’ ಎಂಬ ದೂರು ಎಷ್ಟೋ ಸಲ ಹುಟ್ಟುವುದು ಇಲ್ಲಿ.

ಬಸ್ಸಿನ ಕಂಡಕ್ಟರೇ ಹಬ್. ಈ ಪೆಟ್ಟಿಗೆ ಒಂದು ಕಡೆ ಜಿಗ್‌ಬೀ ಮಾತು ಕೇಳಿಸಿಕೊಂಡು, ಇನ್ನೊಂದು ಕಡೆ ನಿಮ್ಮ ವೈಫೈ ರೂಟರಿಗೆ ಅದನ್ನು ಮುಟ್ಟಿಸುತ್ತದೆ. ಗೇಟ್‌ವೇ ಎಂದು ಬರೆದಿದ್ದರೂ ಬಹುತೇಕ ಇದೇ ಅರ್ಥ.

ಜಿಗ್‌ಬೀ ಎಂಬ ಹೆಸರು ಬಂದದ್ದು ಜೇನುಹುಳಗಳ ಅಂಕುಡೊಂಕು ಕುಣಿತದಿಂದ. ಝಡ್-ವೇವ್ ಬಗ್ಗೆ, ಅಮೆರಿಕದಲ್ಲಿ ಮಕ್ಕಳಿರುವವರಿಗೆ ಒಂದು ಕಿವಿಮಾತು. ಅದರ ತರಂಗ ಭಾರತದಲ್ಲಿ 865.2 ಮೆಗಾಹರ್ಟ್ಸ್, ಅಮೆರಿಕದಲ್ಲಿ 908.4. ಅಲ್ಲಿಂದ ಸೂಟ್‌ಕೇಸಿನಲ್ಲಿ ಬಂದ ಝಡ್-ವೇವ್ ವಸ್ತು ಇಲ್ಲಿನ ಹಬ್‌ನ ಜತೆ ಮಾತಾಡುವುದಿಲ್ಲ. ಪ್ಲಗ್ ಆದರಂತೂ ಅವರ 120 ವೋಲ್ಟಿನದು ನಮ್ಮ 230ಕ್ಕೆ ಸುಟ್ಟೇ ಹೋದೀತು.

ಥ್ರೆಡ್ ಹೊಸ ತಲೆಮಾರಿನದು. ಜಿಗ್‌ಬೀ ಬಳಸುವಂಥದೇ ರೇಡಿಯೋ. ಆದರೆ ಪ್ರತಿ ವಸ್ತುವಿಗೂ ಇಂಟರ್ನೆಟ್ ಪದ್ಧತಿಯ ವಿಳಾಸ ಇರುತ್ತದೆ, ಒಬ್ಬನೇ ಕಂಡಕ್ಟರನ್ನು ನೆಚ್ಚಿಕೊಳ್ಳುವುದಿಲ್ಲ. ಥ್ರೆಡ್ ಜಾಲದಿಂದ ವೈಫೈಗೆ ದಾಟಿಸುವ ಪೆಟ್ಟಿಗೆಗೆ ಬಾರ್ಡರ್ ರೂಟರ್ ಎನ್ನುತ್ತಾರೆ. ಅವು ಮನೆಯಲ್ಲಿ ಎರಡು ಮೂರು ಇರಬಹುದು. ಒಂದು ಮಲಗಿದರೆ ಇನ್ನೊಂದು ಕೆಲಸ ಮುಂದುವರಿಸುತ್ತದೆ.

## ಹಾಗಾದರೆ ಮ್ಯಾಟರ್?

ಮ್ಯಾಟರ್ ದಾರಿಯಲ್ಲ, ಭಾಷೆ.

ಮುಂಬಯಿಯ ನಮ್ಮವರನ್ನೇ ನೋಡಿ. ಮನೆಯಲ್ಲಿ ತುಳು, ಸಂಘದ ಸಭೆಯಲ್ಲಿ ಕನ್ನಡ, ತರಕಾರಿಯವಳ ಹತ್ತಿರ ಮರಾಠಿ. ಪಕ್ಕದ ಫ್ಲ್ಯಾಟಿನ ಗುಜರಾತಿ, ಎದುರಿನ ತಮಿಳ, ಕೆಳಗಿನ ಪಂಜಾಬಿ ಎಲ್ಲರೂ ಲಿಫ್ಟಿನಲ್ಲಿ ಸೇರಿದಾಗ ಬಂಬಯ್ಯಾ ಹಿಂದಿ. ಸ್ಮಾರ್ಟ್ ವಸ್ತುಗಳ ಲೋಕದಲ್ಲಿ ಬಹಳ ಕಾಲ ಲಿಫ್ಟಿನ ಭಾಷೆಯೇ ಇರಲಿಲ್ಲ. ಒಂದು ಕಂಪನಿಯ ಬಲ್ಬು ಇನ್ನೊಂದು ಕಂಪನಿಯ ಸ್ಪೀಕರ್ ಮಾತು ಕೇಳಬೇಕಾದರೆ ಅವೆರಡೂ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕಿತ್ತು. ಒಂದು ಮನೆಗೆ ಐದು ಆ್ಯಪ್.

ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಜಿಗ್‌ಬೀ ಅಲಯನ್ಸ್ ಸೇರಿ ಸಾಮಾನ್ಯ ಭಾಷೆಯೊಂದನ್ನು ರೂಪಿಸುವುದಾಗಿ 2019ರ ಡಿಸೆಂಬರಿನಲ್ಲಿ ಘೋಷಿಸಿದವು. ಆ ಅಲಯನ್ಸ್ 2021ರಲ್ಲಿ ಕನೆಕ್ಟಿವಿಟಿ ಸ್ಟ್ಯಾಂಡರ್ಡ್ಸ್ ಅಲಯನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮ್ಯಾಟರ್‌ನ ಮೊದಲ ಆವೃತ್ತಿ 2022ರ ಅಕ್ಟೋಬರಿನಲ್ಲಿ ಬಂತು. ಒಂದು ವರ್ಷದ ನಂತರ ಬಂದ 1.2 ಆವೃತ್ತಿಯಲ್ಲಿ ಗುಡಿಸುವ ರೋಬೋ, ಫ್ಯಾನ್, ಎಸಿ, ಫ್ರಿಜ್‌ಗಳಿಗೂ ಶಬ್ದಕೋಶ ಸೇರಿತು. ಈ ಭಾಷೆ ವೈಫೈ ದಾರಿಯಲ್ಲೂ ಓಡಾಡುತ್ತದೆ, ಥ್ರೆಡ್ ದಾರಿಯಲ್ಲೂ ಓಡಾಡುತ್ತದೆ. ಮ್ಯಾಟರ್ ವಸ್ತುವಿನ ಮೇಲೆ ಕ್ಯೂಆರ್ ಚಿತ್ರವೂ 11 ಅಂಕಿಗಳ ಸಂಖ್ಯೆಯೂ ಇರುತ್ತವೆ. ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಬಲ್ಬನ್ನು ಸೀಲಿಂಗಿಗೆ ಹಾಕಿದ ಮೇಲೆ ಸ್ಟೂಲ್ ಹತ್ತಿ ಓದುವುದು ಕಷ್ಟ.

ಲಿಫ್ಟಿನ ಹಿಂದಿಯಲ್ಲಿ ನೀರು, ಪಾರ್ಕಿಂಗ್, ಮಳೆಯ ಮಾತಾಡಬಹುದು, ಕವಿತೆ ಓದಲಾಗದು. ಮ್ಯಾಟರ್‌ದೂ ಹಾಗೆಯೇ. ಆನ್, ಆಫ್, ಬೆಳಕು ಕಡಿಮೆ ಮಾಡು, ಗುಡಿಸಲು ಹೋಗು ಎಂಬಂಥವು ಅದರಲ್ಲಿವೆ. ಕಂಪನಿಯ ವಿಶೇಷ ಕಸರತ್ತುಗಳಿಗೆ ಕಂಪನಿಯ ಆ್ಯಪ್ಪೇ ಬೇಕು. ದೊಡ್ಡಮ್ಮನ ಕಾಗದದಲ್ಲಿ ಜಿಗ್‌ಬೀ, ಮ್ಯಾಟರ್ ಎರಡೂ ಇದ್ದವಲ್ಲ? ಜಿಗ್‌ಬೀ ಸ್ವಿಚ್‌ಗಳಿಗೆ ಮ್ಯಾಟರ್ ಭಾಷೆ ಬರುವುದಿಲ್ಲ. ಅಲ್ಲಿನ ಹಬ್ ದುಭಾಷಿಯಾಗಿ ಅವುಗಳ ಮಾತನ್ನು ಅನುವಾದಿಸಿದರೆ ಮಾತ್ರ ‘ಮ್ಯಾಟರ್ ರೆಡಿ’. ಈ ದುಭಾಷಿ ಕೆಲಸಕ್ಕೆ ಬ್ರಿಜ್ ಎನ್ನುತ್ತಾರೆ. ಅದು ಈಗಲೇ ಇದೆಯೋ, ಮುಂದೆಂದೋ ಅಪ್‌ಡೇಟಿನಲ್ಲಿ ಬರುತ್ತದೋ ಎಂದು ಬಿಲ್ಡರನ್ನು ಕೇಳಬೇಕು. ‘ರೆಡಿ’ ಎಂಬ ಪದ ರಿಯಲ್ ಎಸ್ಟೇಟಿನಲ್ಲಿ ಎಷ್ಟು ಹಿಗ್ಗುತ್ತದೆಂದು ಪೊಸೆಷನ್‌ಗೆ ಕಾದವರಿಗೆ ಹೇಳಬೇಕಾಗಿಲ್ಲ.

## ಮೋಡದಲ್ಲಿರುವ ಬುದ್ಧಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. “ದೀಪ ಹಾಕು” ಎಂದು ಸ್ಪೀಕರಿಗೆ ಹೇಳಿದಿರಿ. ತನ್ನ ಹೆಸರು, ಅಂದರೆ ವೇಕ್ ವರ್ಡ್, ಕಿವಿಗೆ ಬೀಳುವುದನ್ನು ಸ್ಪೀಕರ್ ತಾನೇ ಕಾಯುತ್ತಿರುತ್ತದೆ. ಹೆಸರು ಕೇಳಿದ ಮೇಲೆ ನೀವಾಡಿದ ಮಾತು ಸಾಮಾನ್ಯವಾಗಿ ಇಂಟರ್ನೆಟ್ ಮೂಲಕ ಎಲ್ಲೋ ಇರುವ ಕಂಪ್ಯೂಟರಿಗೆ ಹೋಗುತ್ತದೆ, ಅರ್ಥವಾಗುವುದು ಅಲ್ಲಿ. ಆಜ್ಞೆ ಅಲ್ಲಿಂದ ಹೊರಟು ಬಂದು, ನಿಮ್ಮ ತಲೆಯ ಮೇಲಿನ ದೀಪ ಹೊತ್ತಿಕೊಳ್ಳುತ್ತದೆ. ನಡುವೆ ಹಿಡಿಯುವ ಹೊತ್ತಿಗೆ ಲೇಟೆನ್ಸಿ ಎಂದು ಹೆಸರು.

ಆ ‘ಎಲ್ಲೋ ಇರುವ ಕಂಪ್ಯೂಟರ್’ ಎಂಬುದೇ ಕ್ಲೌಡ್. ಹೆಸರು ಮೋಡವಾದರೂ ಅದು ನೆಲದ ಮೇಲಿನ ಕಟ್ಟಡ. ಥಾಣೆ–ಬೇಲಾಪುರ ರಸ್ತೆಯಲ್ಲಿ ಐರೋಳಿ ಕಡೆ ಹೋದವರು ಸೆಕ್ಯುರಿಟಿ ಜಾಸ್ತಿ, ಜನ ಕಡಿಮೆ ಇರುವ ಭಾರಿ ಕಟ್ಟಡಗಳನ್ನು ನೋಡಿರಬಹುದು. ಡೇಟಾ ಸೆಂಟರ್ ಎಂದರೆ ಅಂಥವು. ನಿಮ್ಮ ಬಲ್ಬಿನ ಬುದ್ಧಿ ಯಾವ ಊರಿನ ಕಟ್ಟಡದಲ್ಲಿದೆ ಎಂಬುದು ಕಂಪನಿಯನ್ನು ಅವಲಂಬಿಸಿದ್ದು.

ಬುದ್ಧಿ ಮನೆಯೊಳಗೇ, ಹಬ್‌ನಲ್ಲೋ ವಸ್ತುವಿನಲ್ಲೋ ಇದ್ದರೆ ಅದಕ್ಕೆ ಲೋಕಲ್ ಕಂಟ್ರೋಲ್ ಎನ್ನುತ್ತಾರೆ. ಗೇಟಿನಾಚೆಯ ಹೆದ್ದಾರಿ ಬಂದ್ ಆದರೂ ಇವು ಸೊಸೈಟಿಯೊಳಗೆ ಓಡಾಡಿಕೊಂಡಿರುತ್ತವೆ. ಮ್ಯಾಟರ್ ಕೂಡ ಮನೆಯೊಳಗೇ ಆಜ್ಞೆ ತಲುಪಿಸುವಂತೆ ರೂಪಿಸಿದ ಭಾಷೆ.

ಈ ವ್ಯತ್ಯಾಸ ಬರೀ ಪುಸ್ತಕದ ಮಾತಲ್ಲ. 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ದೋಷ ಉಂಟಾದಾಗ ಎಷ್ಟೋ ಮನೆಗಳ ಅಲೆಕ್ಸಾ ಸ್ಪೀಕರು, ಬಾಗಿಲಿನ ಕ್ಯಾಮೆರಾಗಳು ಮೂಕವಾದವು. ಅದಾದರೂ ತಾತ್ಕಾಲಿಕ. 2016ರಲ್ಲಿ ಗೂಗಲ್ ಬಳಗದ ನೆಸ್ಟ್ ಕಂಪನಿ, ತಾನು ಕೊಂಡಿದ್ದ ರಿವಾಲ್ವ್ ಎಂಬ ಹಬ್‌ನ ಸರ್ವರನ್ನು ಪೂರ್ತಿ ನಿಲ್ಲಿಸಿತು. ಸುಮಾರು 300 ಡಾಲರ್ ಕೊಟ್ಟವರ ಪೆಟ್ಟಿಗೆ ಮುರಿದಿರಲಿಲ್ಲ, ಅದರ ಬುದ್ಧಿ ಹೊರಟುಹೋಗಿತ್ತು ಅಷ್ಟೆ. ಆದ್ದರಿಂದ ಬಿಲ್ಡರನ್ನೋ ಅಂಗಡಿಯವನನ್ನೋ ಕೇಳಬೇಕಾದ ಮಾತು: ಇಂಟರ್ನೆಟ್ ಇಲ್ಲದಾಗ ಇದರಲ್ಲಿ ಯಾವುದು ನಡೆಯುತ್ತದೆ?

## ಮಳೆ ಬಂದರೆ ಬಟ್ಟೆ ಒಳಗೆ ತಾ

ಆಟೊಮೇಷನ್ ಎಂದರೆ ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಕೂಗಿ ಹೇಳುವ ನಿಯಮವೇ: ಮಳೆ ಶುರುವಾದರೆ, ಬಟ್ಟೆ ಹೊರಗಿದ್ದರೆ, ಒಳಗೆ ತಾ. ಮಳೆ ಶುರುವಾಗುವುದು ಟ್ರಿಗರ್. ಬಟ್ಟೆ ಹೊರಗಿರುವುದು ಕಂಡೀಷನ್. ಒಳಗೆ ತರುವುದು ಆ್ಯಕ್ಷನ್. ಇಷ್ಟು ತಿಳಿದರೆ ಯಾವ ಆ್ಯಪ್‌ನಲ್ಲೂ ನಿಯಮ ಬರೆಯಬಹುದು. ‘ಸೀನ್’ ಎಂದರೆ ಒಂದೇ ಗುಂಡಿಗೆ ಹಲವು ಕೆಲಸ: ‘ಮಲಗುವ ಹೊತ್ತು’ ಎಂದರೆ ಹಾಲ್ ದೀಪ ಆರಿ, ಬೆಡ್‌ರೂಮ್ ಎಸಿ 26ಕ್ಕೆ ಬರುವುದು.

ಜಿಯೋಫೆನ್ಸ್ ಎಂದರೆ ನಕ್ಷೆಯ ಮೇಲೆ ಮನೆಯ ಸುತ್ತ ಎಳೆದ ವೃತ್ತ. ಫೋನ್ ಅದರೊಳಗೆ ಬಂದರೆ ‘ಯಜಮಾನರು ಬಂದರು’ ಎಂದು ಎಸಿ ಶುರು. ವೃತ್ತ ನೂರಿನ್ನೂರು ಮೀಟರಿನದಾದ್ದರಿಂದ ಕೆಳಗೆ ವಡಾಪಾವ್ ಗಾಡಿಯ ಹತ್ತಿರ ನಿಂತು ಹರಟೆ ಹೊಡೆಯುತ್ತಿದ್ದರೂ ಎಸಿಗೆ ನೀವು ಬಂದ ಹಾಗೆಯೇ.

ಹಳೆಯ ಎಸಿ, ಟಿವಿಗಳನ್ನು ಸ್ಮಾರ್ಟ್ ಮಾಡುವ ‘ಐಆರ್ ಬ್ಲಾಸ್ಟರ್’ ರಿಮೋಟಿನ ನಕಲು ಮಾತ್ರ. ಅದು ಆಜ್ಞೆ ಕೂಗುತ್ತದೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ. ಯಾರೋ ಕೈಯಲ್ಲಿ ಎಸಿ ಬಂದ್ ಮಾಡಿದ್ದರೂ ಆ್ಯಪ್ ‘ಆನ್ ಇದೆ’ ಎಂದೇ ತೋರಿಸುತ್ತಿರುತ್ತದೆ.

## ನೆಲ ಗುಡಿಸುವವನ ಲೋಕಜ್ಞಾನ

ಮನೆಯೊಳಗಿನ ನಿಜವಾದ ರೋಬೋ ಎಂದರೆ ಸದ್ಯಕ್ಕೆ ಈ ದುಂಡನೆಯ ಪೆಟ್ಟಿಗೆಯೇ. ಜನಪ್ರಿಯವಾದ ಮೊದಲನೆಯದು 2002ರಲ್ಲಿ ಅಮೆರಿಕದಲ್ಲಿ ಬಂದ ರೂಂಬಾ. ಆಗಿನವು ಕೇರಂ ಬೋರ್ಡಿನ ಸ್ಟ್ರೈಕರ್ ಹಾಗೆ ಗೋಡೆಗೆ ಬಡಿದು, ತಿರುಗಿ, ಇನ್ನೊಂದು ಕಡೆ ಹೋಗುತ್ತಿದ್ದವು. ಸಾಕಷ್ಟು ಹೊತ್ತು ಬಡಿದಾಡಿದರೆ ಬಹುಪಾಲು ನೆಲ ಗುಡಿಸಿಯೇ ಹೋಗುತ್ತದೆ ಎಂಬ ಲೆಕ್ಕ.

ಈಗಿನವು ನಕ್ಷೆ ಬರೆಯುತ್ತವೆ. ಕರೆಂಟ್ ಹೋದ ರಾತ್ರಿ ನೆಂಟರ ಮನೆಯಲ್ಲಿ ಬಚ್ಚಲು ಹುಡುಕಲು ಎದ್ದಿದ್ದೀರಿ ಎಂದುಕೊಳ್ಳಿ. ಗೋಡೆ ತಡವುತ್ತ ‘ಇದು ಕಪಾಟು, ಹಾಗಾದರೆ ಬಾಗಿಲು ಎಡಕ್ಕೆ’ ಎಂದು ಮನಸ್ಸಿನಲ್ಲೇ ಚಿತ್ರ ಬರೆಯುತ್ತೀರಿ. ಅದೇ ಚಿತ್ರದಲ್ಲಿ ನೀವೆಲ್ಲಿದ್ದೀರಿ ಎಂದೂ ಲೆಕ್ಕ ಹಾಕುತ್ತೀರಿ. ಚಿತ್ರ ಬರೆಯುವುದೂ ತಾನೆಲ್ಲಿದ್ದೇನೆಂದು ತಿಳಿಯುವುದೂ ಒಟ್ಟೊಟ್ಟಿಗೆ ನಡೆಯುವ ಈ ಲೆಕ್ಕಕ್ಕೆ ‘ಸ್ಲ್ಯಾಮ್’ ಎಂದು ಹೆಸರು. ತಡವಲು ಕೈಯ ಬದಲು ಲೇಸರ್ ಇದ್ದರೆ ಲೈಡಾರ್: ಬಾವಿಗೆ ಕೂಗಿ ಪ್ರತಿಧ್ವನಿಯಿಂದ ಆಳ ಅಂದಾಜಿಸುವಂತೆ, ಬೆಳಕನ್ನು ಸುತ್ತ ಎಸೆದು ಅದು ಮರಳುವುದರಿಂದ ದೂರ ಅಳೆಯುತ್ತದೆ. ಬೆನ್ನ ಮೇಲೆ ಸಣ್ಣ ಗೋಪುರದ ಹಾಗೆ ಕಾಣುವುದು ಸಾಮಾನ್ಯವಾಗಿ ಇದೇ. ಲೇಸರ್ ಬದಲು ಕ್ಯಾಮೆರಾ ಇದ್ದರೆ ವಿಸ್ಲ್ಯಾಮ್, ಅದಕ್ಕೆ ಬೆಳಕು ಬೇಕು. ಲೈಡಾರ್ ಕತ್ತಲಲ್ಲೂ ಗುಡಿಸುತ್ತದೆ. ಕನ್ನಡಿ, ಗಾಜಿನ ಬಾಗಿಲು ಕಂಡರೆ ಮಾತ್ರ ಗಲಿಬಿಲಿ.

ನಕ್ಷೆ ಇದ್ದ ಮೇಲೆ ಅದರಲ್ಲಿ ‘ನೋ ಗೋ ಝೋನ್’ ಗುರುತಿಸಬಹುದು. ನಮ್ಮ ಭಾಷೆಯಲ್ಲಿ ಲಕ್ಷ್ಮಣ ರೇಖೆ. ದೇವರ ಮುಂದಿನ ರಂಗೋಲಿ ಉಳಿಯಬೇಕಾದರೆ ಇದನ್ನು ಮೊದಲ ದಿನವೇ ಎಳೆಯಬೇಕು. ನಾವು ಎಳೆದದ್ದು ಎರಡನೇ ದಿನ.

ನಮ್ಮ ಮನೆಯ ಯಂತ್ರ ಇನ್ನೊಂದು ಪಾಠ ಕಲಿಸಿತು. ಹಾಲ್ ಚೆನ್ನಾಗಿ ಗುಡಿಸಿ, ಅಡುಗೆಮನೆಯ ಬಾಗಿಲಿಗೆ ಬಂದು, ಮಡಿಯವರ ಹಾಗೆ ಹಿಂದೆ ಸರಿದುಬಿಡುತ್ತಿತ್ತು. ಹೊಸ್ತಿಲು ಎತ್ತರವೇನೂ ಇಲ್ಲ. ಕಾರಣ ಅದರ ಬಣ್ಣ: ಕರಿ ಗ್ರಾನೈಟ್. ಮೆಟ್ಟಿಲಿನಿಂದ ಬೀಳದಿರಲಿ ಎಂದು ರೋಬೋದ ಹೊಟ್ಟೆಯಡಿ ಕ್ಲಿಫ್ ಸೆನ್ಸರ್‌ಗಳಿರುತ್ತವೆ. ಅವು ನೆಲಕ್ಕೆ ಇನ್‌ಫ್ರಾರೆಡ್ ಕಿರಣ ಬಿಟ್ಟು, ಮರಳಿ ಬಂದರೆ ನೆಲ ಇದೆ, ಬಾರದಿದ್ದರೆ ಪ್ರಪಾತ ಎಂದು ತಿಳಿಯುತ್ತವೆ. ಕಪ್ಪು ಕಲ್ಲು ಕಿರಣವನ್ನು ನುಂಗಿಬಿಡುತ್ತದೆ. ಪಾಪ, ಅದರ ಪಾಲಿಗೆ ನಮ್ಮ ಹೊಸ್ತಿಲು ಸಹ್ಯಾದ್ರಿಯ ಅಂಚು. ತಿಳಿಬಣ್ಣದ ಪಟ್ಟಿ ಅಂಟಿಸಿದ ಮೇಲೆ ದಾಟಿತು. ಕಡಪಾ ಕಲ್ಲು, ಕರಿ ಗ್ರಾನೈಟ್ ಇರುವವರು ಕೊಳ್ಳುವ ಮುಂಚೆ ಒಂದು ಸಲ ಓಡಿಸಿ ನೋಡುವುದು ಒಳ್ಳೆಯದು.

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿರುವುದು ‘5000 ಪಾಸ್ಕಲ್’, ‘8000 ಪಾಸ್ಕಲ್’ ಎಂಬ ಸಂಖ್ಯೆ. ಪಾಸ್ಕಲ್ ಒತ್ತಡದ ಅಳತೆ. ಸಮುದ್ರಮಟ್ಟದಲ್ಲಿ ನಮ್ಮ ಸುತ್ತಲ ಗಾಳಿಯ ಒತ್ತಡ 1,01,325 ಪಾಸ್ಕಲ್. ಅಂದರೆ 5000 ಎಂಬುದು ಅದರ ಶೇ 5ರಷ್ಟು ಸೆಳೆತ. ಎಳನೀರಿನ ಸ್ಟ್ರಾದ ತುದಿ ತೆಂಗಿನ ಗಂಜಿಗೆ ಅಂಟಿ ಮುಚ್ಚಿಹೋದಾಗ ಎಳೆತ ಜೋರಾಗಿ ಕೆನ್ನೆ ಒಳಗೆ ಹೋಗುತ್ತದೆ, ಆದರೆ ನೀರು ಬರುವುದಿಲ್ಲ. ಬಾಯಿ ಮುಚ್ಚಿದ ಕೊಳವೆಯ ಈ ಎಳೆತವೇ ಪಾಸ್ಕಲ್ ಲೆಕ್ಕ. ಕಸ ಬರಲು ಗಾಳಿ ಹರಿಯಬೇಕು, ಬ್ರಷ್ ಕಸವನ್ನು ಎಬ್ಬಿಸಬೇಕು. ಸಂಖ್ಯೆ ಇಮ್ಮಡಿಯಾದ ಮಾತ್ರಕ್ಕೆ ನೆಲ ಇಮ್ಮಡಿ ಚೊಕ್ಕವಾಗುವುದಿಲ್ಲ. ಉದ್ದ ಕೂದಲಿರುವ ಮನೆಯಲ್ಲಂತೂ ಬ್ರಷ್ಷಿಗೆ ಕೂದಲು ಸುತ್ತಿಕೊಳ್ಳುವುದೇ ಇದಕ್ಕಿಂತ ದೊಡ್ಡ ವಿಷಯ.

‘ಹೆಪಾ’ ಎಂದಿದ್ದರೆ ಧೂಳು ಹಿಡಿಯುವ ಜರಡಿ. ಅಮೆರಿಕದ ಮಾನದಂಡದಂತೆ 0.3 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ‘ಹೆಪಾ ಟೈಪ್’ ಎಂದಿದ್ದರೆ ಅದು ಆ ಮಾತಿಗೆ ಬದ್ಧವಲ್ಲ. ‘ಡಾಕ್’ ಎಂದರೆ ಅದು ಹೋಗಿ ಚಾರ್ಜ್ ಆಗುವ ಗೂಡು. ಕಸವನ್ನೂ ಅಲ್ಲೇ ಖಾಲಿ ಮಾಡಿಕೊಳ್ಳುವಂಥದು ‘ಆಟೊ ಎಂಪ್ಟಿ’.

## ಗೋಡೆಯೊಳಗಿನ ಮಾತು

ಸ್ಮಾರ್ಟ್ ಸ್ವಿಚ್ಚಿಗೆ ದೀಪ ಆರಿದ್ದಾಗಲೂ ಎಚ್ಚರವಾಗಿರಲು ಒಂದಿಷ್ಟು ಕರೆಂಟ್ ಬೇಕು. ಅದಕ್ಕೆ ಸಾಮಾನ್ಯವಾಗಿ ನ್ಯೂಟ್ರಲ್ ವೈರ್, ಅಂದರೆ ಕರೆಂಟ್ ಮರಳಿ ಹೋಗುವ ತಂತಿ, ಬೇಕಾಗುತ್ತದೆ. ಪ್ಲಗ್ ಪಾಯಿಂಟ್ ಇರುವ ಬೋರ್ಡಿನಲ್ಲಿ ಅದು ಇದ್ದೇ ಇರುತ್ತದೆ; ಬರೀ ದೀಪದ ಸ್ವಿಚ್ ಇರುವ ಹಳೆಯ ಬೋರ್ಡಿನಲ್ಲಿ ಇಲ್ಲದಿರಬಹುದು. ವೈರ್‌ಮನ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಎರಡನೆಯದು ಆ್ಯಂಪ್. 6 ಆ್ಯಂಪಿನ ಸ್ಮಾರ್ಟ್ ಪ್ಲಗ್ 230 ವೋಲ್ಟಿನಲ್ಲಿ ಹೊರುವುದು ಹೆಚ್ಚೆಂದರೆ 1380 ವಾಟ್. ಗೀಸರ್ ಸಾಮಾನ್ಯವಾಗಿ 2000 ವಾಟ್ ಎಳೆಯುತ್ತದೆ, ಅಂದರೆ ಸುಮಾರು 8.7 ಆ್ಯಂಪ್. ಅದಕ್ಕೆ 16 ಆ್ಯಂಪಿನದೇ ಬೇಕು. ಸಣ್ಣದನ್ನು ಅಡಾಪ್ಟರ್ ಸಿಕ್ಕಿಸಿ ಒಗ್ಗಿಸಿದರೆ ಕರಗಿದ ಪ್ಲಾಸ್ಟಿಕ್ ವಾಸನೆ ಬರುತ್ತದೆ.

ಬೆಸ್ಟ್, ಅದಾನಿ, ಟಾಟಾ, ಮಹಾವಿತರಣ ಇವರ ಸ್ಮಾರ್ಟ್ ಮೀಟರಿಗೂ ಇದಕ್ಕೂ ನಂಟಿಲ್ಲ. ಅದು ವಿದ್ಯುತ್ ಕಂಪನಿಯ ಸ್ವತ್ತು. ರೀಡಿಂಗನ್ನು ತನ್ನದೇ ಜಾಲದಲ್ಲಿ ಕಳಿಸುತ್ತದೆ, ನಿಮ್ಮ ವೈಫೈ ಮುಟ್ಟುವುದಿಲ್ಲ.

## ಅಡ್ಮಿನ್ ಯಾರು?

2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲೋಕದಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ರೆಕಾರ್ಡರ್, ರೂಟರ್‌ಗಳೊಳಗೆ ಹೊಕ್ಕು, ಅವೆಲ್ಲವನ್ನೂ ಒಟ್ಟಿಗೆ ದಾಳಿಗೆ ಬಳಸಿತು. ಆ ಅಕ್ಟೋಬರಿನಲ್ಲಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಕಾಣೆಯಾದವು. ಬೀಗ ಒಡೆಯಲು ಅದು ಮಹಾ ಕಸರತ್ತು ಮಾಡಿರಲಿಲ್ಲ. ‘ಅಡ್ಮಿನ್’, ‘12345’ ಎಂದು ಕಾರ್ಖಾನೆಯಿಂದಲೇ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅದನ್ನೇ ಹಾಕಿ ನೋಡಿತು. ಅದಕ್ಕೇ ಪಾಸ್‌ವರ್ಡ್ ಬದಲಿಸಿ ಎನ್ನುವುದು. ವಸ್ತುವಿನೊಳಗಿನ ಮೂಲ ತಂತ್ರಾಂಶವಾದ ಫರ್ಮ್‌ವೇರ್‌ಗೆ ಅಪ್‌ಡೇಟ್ ಬಂದರೆ ಮುಂದೂಡಬಾರದು ಎನ್ನುವುದೂ ಅದಕ್ಕೇ. ರೂಟರಿನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಮಾಡಿ ಬಲ್ಬು, ಕ್ಯಾಮೆರಾಗಳನ್ನು ಅದರಲ್ಲಿಟ್ಟರೆ ಅವು ಜಗಲಿಯಲ್ಲಿ ಕೂತ ಹಾಗೆ. ಬ್ಯಾಂಕಿನ ಆ್ಯಪ್ ಇರುವ ಫೋನು ಒಳಮನೆಯಲ್ಲಿರುತ್ತದೆ. ರೋಬೋ ಬರೆದ ಮನೆಯ ನಕ್ಷೆ, ಕ್ಯಾಮೆರಾದ ಚಿತ್ರ ಎಲ್ಲಿಗೆ ಹೋಗುತ್ತವೆ ಎಂದು ಆ್ಯಪ್ ಒಪ್ಪಿಗೆ ಕೇಳುವಾಗಲೇ ಓದಬೇಕು. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಬರೆಯಲಾಗಿದೆ.

ಹೊಸ ಫ್ಲ್ಯಾಟಿನವರಿಗೆ ಇನ್ನೊಂದು ಸಂಗತಿ. ಸ್ವಿಚ್, ಬೀಗ, ಹಬ್ ಜೋಡಿಸಿದ ಹುಡುಗ ಮೊದಲು ಅವನ್ನು ತನ್ನ ಫೋನಿಗೇ ಸೇರಿಸಿ ಪರೀಕ್ಷಿಸಿರುತ್ತಾನೆ. ಮೊದಲು ಸೇರಿಸಿದವನೇ ಅಡ್ಮಿನ್. ನಿಮ್ಮನ್ನು ಅವನು ‘ಮೆಂಬರ್’ ಆಗಿ ಸೇರಿಸಿಕೊಟ್ಟರೆ ದೀಪ ಹೊತ್ತುತ್ತದೆ, ಎಲ್ಲ ಸರಿಯಾಗಿದೆ ಎನಿಸುತ್ತದೆ. ಮನೆಯ ಯಜಮಾನಿಕೆ ಮಾತ್ರ ಅವನ ಜೇಬಿನಲ್ಲಿ. ಫ್ಯಾಕ್ಟರಿ ರಿಸೆಟ್ ಎಂದರೆ ವಸ್ತುವನ್ನು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸುವುದು. ಆದರೆ ಕೆಲವು ವಸ್ತುಗಳು ಹಳೆಯ ಖಾತೆಯಿಂದ ಬಿಡುಗಡೆಯಾಗದೆ ಹೊಸಬರಿಗೆ ಒಗ್ಗುವುದಿಲ್ಲ. ಹಾಗಾಗಿ ಅವನು ಎದುರಿಗಿರುವಾಗಲೇ ಅವನ ಆ್ಯಪ್‌ನಿಂದ ತೆಗೆಸಿ, ರಿಸೆಟ್ ಮಾಡಿಸಿ, ನಿಮ್ಮ ಫೋನಿಗೆ ಹೊಸದಾಗಿ ಸೇರಿಸಿಕೊಳ್ಳಬೇಕು. ಬೀಗದಲ್ಲಿ ಅವನ ಬೆರಳಚ್ಚು ಉಳಿದಿದೆಯೇ ನೋಡಿ. ಬ್ಯಾಟರಿ ಸತ್ತರೆ ಹೊರಗಿನಿಂದ ಜೀವ ಕೊಡುವ ಜಾಗ ಎಲ್ಲಿ, ಕೀಲಿಕೈ ಎಷ್ಟಿವೆ ಎಂದೂ ಅಲ್ಲೇ ಕೇಳಿ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಮ್ಮ ಪೊಸೆಷನ್ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಮೂರು ಸಾಲು ಬರೆದುಕೊಂಡರು: ನೆಟ್ ಹೋದರೆ ಯಾವುದು ನಡೆಯುತ್ತದೆ, ಅಡ್ಮಿನ್ ಯಾರು, ಗ್ಯಾಸಿನ ಸೆನ್ಸರ್ ಮೇಲೋ ಕೆಳಗೋ. ಆಮೇಲೆ ತಲೆಯೆತ್ತಿ ಕೇಳಿದರು, “ಗೋಡೆಯಲ್ಲಿ ಒತ್ತುವ ಸ್ವಿಚ್ ಇರ್ತದಲ್ಲ?” ಇರುತ್ತದೆ ಎಂದೆ. ಅದನ್ನೂ ನಾಲ್ಕನೇ ಸಾಲಾಗಿ ಬರೆದರು.